ಸುಣ್ಣಕಲ್ಲಿನ ರಂಧ್ರಚರಿತ್ರೆ

ಕಲಬುರಗಿ ಜಿಲ್ಲೆಯ ಶಹಾಬಾದಿನ ಗಣಿಗಳಿಂದ ಹೊರಟು, ನಮ್ಮ ನಾಡಿನ ಎಷ್ಟೋ ನಡುಮನೆಗಳಿಗೂ ಶಾಲೆಯ ಪಡಸಾಲೆಗಳಿಗೂ ಹಾಸುಗಲ್ಲಾಗಿ ಬಂದಿರುವ ಆ ನುಣುಪಾದ ಬೂದುಬಣ್ಣದ ಶಿಲೆಯೂ, ಅರೇಬಿಯದ ಪೂರ್ವಭಾಗದ ಮರಳುಗಾಡಿನ ಅಡಿಯಲ್ಲಿ ಸುಮಾರು ಎರಡು ಕಿಲೋಮೀಟರಿನಷ್ಟು ಆಳದಲ್ಲಿದ್ದುಕೊಂಡು ಜಗತ್ತಿನ ಅತ್ಯಂತ ದೊಡ್ಡ ತೈಲಕ್ಷೇತ್ರವನ್ನು ತನ್ನ ಒಡಲಲ್ಲಿ ಧರಿಸಿರುವ ಶಿಲೆಯೂ ರಸಾಯನಶಾಸ್ತ್ರದ ದೃಷ್ಟಿಯಿಂದ ಒಂದೇ ಕುಲಕ್ಕೆ ಸೇರಿದವು. ಎರಡೂ ಕ್ಯಾಲ್ಸಿಯಂ ಕಾರ್ಬೊನೇಟಿನಿಂದಾದ ಸುಣ್ಣಕಲ್ಲುಗಳು. ನೀರು ಬೆರೆಸಿ ತೆಳುವಾಗಿಸಿದ ಹೈಡ್ರೊಕ್ಲೋರಿಕ್ ಆಮ್ಲದ ಒಂದು ತೊಟ್ಟನ್ನು ಯಾವುದರ ಮೇಲೆ ಹಾಕಿದರೂ ಒಂದೇ ರೀತಿಯಾಗಿ ನೊರೆಯೆದ್ದು ಬುಸುಗುಟ್ಟುತ್ತದೆ. ಹೀಗಿರುವಾಗ, ಒಂದು ಕಲ್ಲು ಚೆಲ್ಲಿದ ನೀರನ್ನು ಸಹ ಒಳಕ್ಕೆ ಬಿಟ್ಟುಕೊಳ್ಳದಷ್ಟು ಬಿಗಿಯಾಗಿಯೂ, ಮತ್ತೊಂದು ಕಲ್ಲು ದೇಶದೇಶಗಳ ಯಂತ್ರಗಳಿಗೆಲ್ಲ ಬೇಕಾಗುವಷ್ಟು ಎಣ್ಣೆಯನ್ನು ಹೀರಿಕೊಂಡು ಕುಳಿತಿರುವಷ್ಟು ಉದಾರವಾಗಿಯೂ ಆದದ್ದು ಹೇಗೆಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ನೆಲದಡಿಯಲ್ಲಿ ತೈಲವು ಸರೋವರದಂತೆ ತಳತಳಿಸುತ್ತಿರುತ್ತದೆಂಬ ಕಲ್ಪನೆ ವಿದ್ಯಾವಂತರಲ್ಲಿಯೂ ಇದೆ. ವಸ್ತುತಃ ಅಲ್ಲಿ ಇರತಕ್ಕದ್ದು ಬಂಡೆಯೇ. ಆ ಬಂಡೆಯ ಕಣಕಣಗಳ ನಡುವೆ ಉಳಿದಿರುವ, ಬಹುಮಟ್ಟಿಗೆ ಬರಿಗಣ್ಣಿಗೆ ಕಾಣದಷ್ಟು ಕಿರಿದಾದ ತೆರಪುಗಳಲ್ಲಿ ನೀರು, ಎಣ್ಣೆ, ಅನಿಲ ಇವು ಒಂದನ್ನೊಂದು ತಳ್ಳುತ್ತ, ಒತ್ತುತ್ತ ನೆಲಸಿರುತ್ತವೆ. ಶಿಲೆಯ ಒಟ್ಟು ಗಾತ್ರದಲ್ಲಿ ಇಂತಹ ತೆರಪುಗಳ ಪಾಲು ನೂರಕ್ಕೆ ಎಷ್ಟೆಂಬುದನ್ನು ಸರಂಧ್ರತೆ ಎಂದು ಕರೆಯುತ್ತಾರೆ. ಜಗತ್ತಿನ ಶಿಲಾತೈಲದ ಅರ್ಧಕ್ಕಿಂತ ಹೆಚ್ಚು ಭಾಗ, ಸಾಮಾನ್ಯವಾಗಿ ಹೇಳುವಂತೆ ನೂರಕ್ಕೆ 60ರಷ್ಟು, ಸುಣ್ಣಕಲ್ಲು ಮತ್ತು ಅದರ ಸೋದರನಾದ ಡಾಲೊಮೈಟ್ ಎಂಬ ಕಾರ್ಬೊನೇಟ್ ಶಿಲೆಗಳ ರಂಧ್ರಗಳಲ್ಲಿಯೇ ಅಡಗಿದೆ. ಆದುದರಿಂದ ಈ ರಂಧ್ರಗಳ ಹುಟ್ಟು, ಬೆಳವಣಿಗೆ, ನಾಶ, ಪುನರ್ಜನ್ಮಗಳ ವೃತ್ತಾಂತವು ಭೂವಿಜ್ಞಾನಿಗಳಿಗೆ ಮಾತ್ರ ಮೀಸಲಾಗಿ ಉಳಿಯತಕ್ಕ ವಿಷಯವಲ್ಲ.

ಮರಳುಕಲ್ಲಿನ ಚರಿತ್ರೆ ಹೋಲಿಕೆಯಲ್ಲಿ ಸರಳವಾದದ್ದು. ಎಲ್ಲಿಯೋ ಒಂದು ಪರ್ವತ ಸವೆಯುತ್ತದೆ, ನದಿ ಅದರ ಪುಡಿಯನ್ನು ಹೊತ್ತು ತರುತ್ತದೆ, ಕಡಲು ಅದನ್ನು ಜಾಲಿಸಿ ಹರಡುತ್ತದೆ; ಹರಳುಗಳು ಕ್ವಾರ್ಟ್ಸಿನವಾದುದರಿಂದ ಮುಂದೆ ಬಹುಕಾಲ ಹೆಚ್ಚಿನ ವಿಕಾರವಿಲ್ಲದೆ ಇದ್ದಂತೆಯೇ ಇರುತ್ತವೆ. ಕಾರ್ಬೊನೇಟ್ ಶಿಲೆಯಾದರೋ ಹೊರಗಿನಿಂದ ಬಂದದ್ದಲ್ಲ, ತಾನು ಬಿದ್ದಿರುವ ಸ್ಥಳದಲ್ಲಿಯೇ, ಬಹುಪಾಲು ಜೀವಿಗಳ ಶರೀರದಿಂದಲೇ ಹುಟ್ಟಿದ್ದು. ಬೆಳಕು ತಳದವರೆಗೆ ಇಳಿಯುವ, ಬೆಚ್ಚಗಿನ, ಕೆಸರಿಲ್ಲದ ತಿಳಿಗಡಲು ಅದರ ಹೆರಿಗೆಮನೆ. ಹವಳಗಳು, ಸುಣ್ಣಪಾಚಿಗಳು, ಏಕಕೋಶಜೀವಿಗಳಾದ ಫೊರಾಮಿನಿಫೆರಗಳು, ಚಿಪ್ಪುಹುಳುಗಳು ಇವೆಲ್ಲ ಕಡಲನೀರಿನಲ್ಲಿ ಕರಗಿರುವ ಸುಣ್ಣವನ್ನು ಹೆಕ್ಕಿ ತಮ್ಮ ತಮ್ಮ ಗೂಡುಗಳನ್ನು ಕಟ್ಟಿಕೊಂಡು, ಸತ್ತಮೇಲೆ ಆ ಗೂಡುಗಳನ್ನೇ ತಳಕ್ಕೆ ಬಿಟ್ಟುಹೋಗುತ್ತವೆ. ನಮ್ಮ ಕರಾವಳಿಯಲ್ಲಿ ನದೀಮುಖದ ಚಿಪ್ಪುಗಳನ್ನು ಸುಟ್ಟು ಗೋಡೆಗೆ ಬಳಿಯುವ ಸುಣ್ಣವನ್ನು ಮಾಡುತ್ತಿದ್ದವರಿಗೆ, ಸುಣ್ಣವೆಂಬುದು ಪ್ರಾಣಿಗಳು ಕೂಡಿಟ್ಟ ಧನವೆಂಬುದನ್ನು ಯಾರೂ ಬೋಧಿಸಬೇಕಾಗಿರಲಿಲ್ಲ.

ಹೀಗೆ ಹೊಸದಾಗಿ ಬಿದ್ದ ರಾಶಿಯಲ್ಲಿ ತೆರಪಿಗೆ ಕೊರತೆಯೇ ಇರುವುದಿಲ್ಲ. ಸಮಗಾತ್ರದ ಗೋಲಿಗಳನ್ನು ಪೇರಿಸಿದರೆ, ಪೇರಿಸಿದ ಕ್ರಮವನ್ನನುಸರಿಸಿ, ನೂರಕ್ಕೆ 26ರಿಂದ 47ರಷ್ಟು ಜಾಗ ಬರಿದಾಗಿ ಉಳಿಯುತ್ತದೆಂದು ಗಣಿತ ಹೇಳುತ್ತದೆ. ಗೋಲಿ ಸಾಸುವೆಯಷ್ಟಿರಲಿ ಕುಂಬಳಕಾಯಿಯಷ್ಟಿರಲಿ ಲೆಕ್ಕ ಒಂದೇ. ಆದರೆ ಚಿಪ್ಪುಗಳು ಗೋಲಿಗಳಲ್ಲ. ಅವುಗಳ ನಡುವೆಯೂ ಬಯಲು, ಒಳಗೂ ಬಯಲು. ಜೀವಿ ವಾಸಿಸುತ್ತಿದ್ದ ಕೋಣೆಯೇ ಅದು ಸತ್ತಮೇಲೆ ರಂಧ್ರವಾಗುತ್ತದೆ. ತನ್ನಿಮಿತ್ತ ಇಂದಿನ ಕಡಲ ಸುಣ್ಣಕೆಸರುಗಳ ಸರಂಧ್ರತೆ ನೂರಕ್ಕೆ 40ರಿಂದ 70ರವರೆಗೂ ಇರುವುದುಂಟು. ಅದೇ ಕೆಸರು ಕಲ್ಲಾಗಿ, ಕೋಟ್ಯಂತರ ವರ್ಷ ಹೂತುಹೋಗಿ, ತೈಲಾಶಯವಾಗಿ ನಮ್ಮ ಕೈಗೆ ಸಿಕ್ಕುವ ವೇಳೆಗೆ ಸಾಮಾನ್ಯವಾಗಿ ನೂರಕ್ಕೆ 5ರಿಂದ 15ರಷ್ಟು ಮಾತ್ರ ಉಳಿದಿರುತ್ತದೆ. ಮೇಲಣ ಪದರಗಳ ಭಾರ ಕೆಸರನ್ನು ಹಿಂಡುತ್ತದೆ. ರಂಧ್ರಗಳಲ್ಲಿ ಸಂಚರಿಸುವ ನೀರು ತನ್ನಲ್ಲಿದ್ದ ಸುಣ್ಣವನ್ನು ಕ್ಯಾಲ್ಸೈಟ್ ಹರಳುಗಳಾಗಿ ಅಲ್ಲಲ್ಲೇ ಇಳಿಸಿ ಗಾರೆ ಹಾಕಿದಂತೆ ಮುಚ್ಚುತ್ತದೆ. ಚಿಪ್ಪುಳ್ಳ ಪ್ರಾಣಿಗಳು ಕಡಲಿನಲ್ಲಿ ಕಾಣಿಸಿಕೊಳ್ಳುವುದಕ್ಕೆ ಮುಂಚೆಯೇ ನುಣ್ಣನೆಯ ಸುಣ್ಣಕೆಸರಾಗಿ ಬಿದ್ದ ಶಹಾಬಾದಿನ ಕಲ್ಲಿನಲ್ಲಿ ಈ ಮುಚ್ಚುವ ಕಾರ್ಯ ಸಂಪೂರ್ಣವಾಗಿ ನೆರವೇರಿಹೋಗಿದೆ.

ಹಾಗಾದರೆ ಎಲ್ಲ ಸುಣ್ಣಕಲ್ಲಿಗೂ ಕೊನೆಗೆ ಇದೇ ಗತಿಯಾಗಬೇಕಾಗಿತ್ತಷ್ಟೆ. ಆಗಲಿಲ್ಲವೇಕೆಂದರೆ, ಕಾರ್ಬೊನೇಟ್ ಎಂಬುದು ನೀರಿನೊಡನೆ ಸದಾ ಕೊಡುಕೊಳೆಯ ಸಂಬಂಧವನ್ನಿಟ್ಟುಕೊಂಡಿರುವ ದ್ರವ್ಯ. ಕಡಲಿನ ಮಟ್ಟ ಇಳಿದು, ಸುಣ್ಣದ ದಿಬ್ಬ ಬಿಸಿಲಿಗೆ ತಲೆಯೆತ್ತಿತೆನ್ನಿ. ಗಾಳಿಯಲ್ಲಿಯೂ ಮಣ್ಣಿನಲ್ಲಿಯೂ ಇರುವ ಇಂಗಾಲದ ಡೈ ಆಕ್ಸೈಡನ್ನು ಹೀರಿ ತುಸು ಹುಳಿಯೇರಿದ ಮಳೆಯ ನೀರು ಅದರೊಳಕ್ಕೆ ಇಂಗುತ್ತದೆ. ಹವಳಗಳೂ ಬಹುಮಂದಿ ಚಿಪ್ಪುಹುಳುಗಳೂ ಬಳಸುವ ಸುಣ್ಣ ಆರಗೊನೈಟ್ ಎಂಬ ರೂಪದ್ದು. ಕ್ಯಾಲ್ಸೈಟಿಗಿಂತ ಬೇಗ ಕರಗತಕ್ಕದ್ದು. ಆದಕಾರಣ ಸಿಹಿನೀರು ಕ್ಯಾಲ್ಸೈಟನ್ನು ಉಳಿಸಿ ಆರಗೊನೈಟನ್ನು ಆರಿಸಿ ಆರಿಸಿ ಕರಗಿಸುತ್ತದೆ: ಚಿಪ್ಪು ಇದ್ದೆಡೆಯಲ್ಲಿ ಚಿಪ್ಪಿನಾಕಾರದ ಶೂನ್ಯ, ಅದರ ಸುತ್ತ ಹಿಂದೆ ಶೂನ್ಯವಿದ್ದೆಡೆಯಲ್ಲಿ ಗಟ್ಟಿಯಾದ ಕಲ್ಲು. ಕಣ ರಂಧ್ರವಾಗಿ, ರಂಧ್ರ ಕಣವಾಗಿ ಸ್ಥಾನ ಬದಲಾಯಿಸಿಕೊಳ್ಳುವ ಈ ವಿಪರ್ಯಯ ಭೂವಿಜ್ಞಾನದ ಬಹು ಸುಂದರವಾದ ಸಂಗತಿಗಳಲ್ಲೊಂದೆಂದು ನನಗೆ ಅನಿಸಿದೆ.

ಇನ್ನೊಂದು ರೂಪಾಂತರ ಮೆಗ್ನೀಸಿಯಂನಿಂದ ಆಗತಕ್ಕದ್ದು. ಮೆಗ್ನೀಸಿಯಂ ಸಮೃದ್ಧವಾದ ಲವಣಜಲ ಸುಣ್ಣಕಲ್ಲಿನಲ್ಲಿ ಹಾದುಹೋಗುವಾಗ ಕ್ಯಾಲ್ಸಿಯಂನ ಅರ್ಧಭಾಗವನ್ನು ಹೊರದೂಡಿ ತಾನು ಆ ಸ್ಥಾನವನ್ನು ಆಕ್ರಮಿಸಿಕೊಂಡರೆ ಕ್ಯಾಲ್ಸೈಟ್ ಹೋಗಿ ಡಾಲೊಮೈಟ್ ಆಗುತ್ತದೆ. ಹೊಸ ಹರಳು ಹಳೆಯದಕ್ಕಿಂತ ಸಾಂದ್ರವಾದದ್ದು. ಹೊರಗಿನಿಂದ ಕಾರ್ಬೊನೇಟ್ ಬಂದು ಸೇರದಿದ್ದ ಪಕ್ಷದಲ್ಲಿ ಈ ಬದಲಾವಣೆಯಿಂದ ಘನಭಾಗ ನೂರಕ್ಕೆ 12–13ರಷ್ಟು ಕುಗ್ಗಿ, ಕುಗ್ಗಿದಷ್ಟು ತೆರಪು ಹೊಸದಾಗಿ ಹುಟ್ಟಬೇಕೆಂದು ಲೆಕ್ಕ ಹೇಳುತ್ತದೆ. ಪ್ರಕೃತಿ ಈ ಲೆಕ್ಕವನ್ನು ಯಾವಾಗಲೂ ಮನ್ನಿಸುವುದಿಲ್ಲ. ಡಾಲೊಮೈಟೇ ಹೆಚ್ಚಾಗಿ ಬೆಳೆದು ರಂಧ್ರಗಳನ್ನು ಮುಚ್ಚಿಬಿಟ್ಟ ಕಲ್ಲುಗಳೂ ಬೇಕಾದಷ್ಟಿವೆ. ಆದರೂ ಡಾಲೊಮೈಟಿನ ಹರಳು ಭಾರವನ್ನು ಸಹಿಸಿಕೊಳ್ಳುವುದರಲ್ಲಿ ಕ್ಯಾಲ್ಸೈಟಿಗಿಂತ ಗಟ್ಟಿ. ಆಳಕ್ಕೆ ಹೋದಂತೆ ಸುಣ್ಣಕಲ್ಲು ತನ್ನ ತೆರಪುಗಳನ್ನು ಕಳೆದುಕೊಳ್ಳುವೆಡೆಯಲ್ಲಿ ಡಾಲೊಮೈಟ್ ಉಳಿಸಿಕೊಂಡಿರುವುದು ಸಾಮಾನ್ಯ.

ಇಷ್ಟೆಲ್ಲ ಬಗೆಯ ಜನ್ಮಗಳಿರುವುದರಿಂದಲೇ, 1970ರಲ್ಲಿ ಫಿಲಿಪ್ ಶೊಕೆಟ್ ಮತ್ತು ಲಾಯ್ಡ್ ಪ್ರೇ ಎಂಬ ಇಬ್ಬರು ಅಮೆರಿಕನ್ ಭೂವಿಜ್ಞಾನಿಗಳು ಕಾರ್ಬೊನೇಟ್ ಶಿಲೆಯ ರಂಧ್ರಗಳನ್ನು ವರ್ಗೀಕರಿಸಲು ಹೊರಟಾಗ ಹದಿನೈದು ಮೂಲಜಾತಿಗಳನ್ನು ಎಣಿಸಬೇಕಾಯಿತು. ಶಿಲೆಯ ನೇಯ್ಗೆಯನ್ನು ಅನುಸರಿಸಿ ಹುಟ್ಟಿದ ರಂಧ್ರಗಳು ಕೆಲವು, ನೇಯ್ಗೆಯನ್ನು ಲಕ್ಷಿಸದೆ ಅಡ್ಡಲಾಗಿ ಸೀಳಿಕೊಂಡು ಹೋದವು ಕೆಲವು. ರಂಧ್ರವೆಷ್ಟಿದೆ ಎಂದು ಕೇಳುವ ಮೊದಲು ರಂಧ್ರ ಹೇಗೆ ಬಂತೆಂದು ಕೇಳಬೇಕೆಂಬುದೇ ಆ ವರ್ಗೀಕರಣದ ಹಿಂದಿರುವ ವಿವೇಕ. ಈ ವಿವೇಕವಿಲ್ಲದೆ ಬರಿಯ ಶೇಕಡಾವಾರಿನ ಸಂಖ್ಯೆಯನ್ನು ನೆಚ್ಚಿದವನು ಸುಣ್ಣಕಲ್ಲಿನಲ್ಲಿ ಮೋಸಹೋಗುವುದು ಖಂಡಿತ.

ಏಕೆಂದರೆ ಎಣ್ಣೆ ಇರುವುದು ಒಂದು ಮಾತು, ಹರಿದು ಬರುವುದು ಇನ್ನೊಂದು ಮಾತು. ಫ್ರಾನ್ಸಿನ ದಿಝೋನ್ ನಗರಕ್ಕೆ ಕುಡಿಯುವ ನೀರನ್ನು ಒದಗಿಸಿದ ಎಂಜಿನಿಯರ್ ಹೆನ್ರಿ ಡಾರ್ಸಿ, ಮರಳಿನ ಮೂಲಕ ನೀರು ಸೋಸಿ ಹರಿಯುವ ವೇಗವನ್ನು ಅಳೆದು, ಅದರ ನಿಯಮವನ್ನು 1856ರಲ್ಲಿ ಪ್ರಕಟಿಸಿದನು. ದ್ರವವನ್ನು ತನ್ನ ಮೂಲಕ ಹಾಯಗೊಡುವ ಶಿಲೆಯ ಗುಣಕ್ಕೆ, ಎಂದರೆ ಪಾರಗಮ್ಯತೆಗೆ, ಇಂದಿಗೂ ಅವನ ಹೆಸರಿನದೇ ಮಾನ. ಚಿಪ್ಪುಗಳು ಕರಗಿ ಉಂಟಾದ ರಂಧ್ರಗಳು ಒಂದಕ್ಕೊಂದು ತಾಗದೆ ಬಿಡಿಬಿಡಿಯಾಗಿದ್ದರೆ, ಆ ಶಿಲೆ ಕೋಣೆಗಳು ನೂರಿದ್ದು ಬಾಗಿಲು ಒಂದೂ ಇಲ್ಲದ ಮನೆಯಂತೆ. ಸರಂಧ್ರತೆ ನೂರಕ್ಕೆ 30 ಇದ್ದರೂ ಬಾವಿಗೆ ಬರುವ ಎಣ್ಣೆ ಅಲ್ಪ. ಇದಕ್ಕೆ ವಿರುದ್ಧವಾಗಿ, ಶಿಲೆಯ ಗಾತ್ರದಲ್ಲಿ ನೂರಕ್ಕೆ ಒಂದರಷ್ಟೂ ಪಾಲಿಲ್ಲದ ಒಂದು ಬಿರುಕು ಇಡೀ ಕ್ಷೇತ್ರವನ್ನು ಬರಿದುಮಾಡುವ ಹೆದ್ದಾರಿಯಾಗಬಲ್ಲದು.

ಉತ್ತರ ಸಮುದ್ರದಲ್ಲಿ ನಾರ್ವೆಗೆ ಸೇರಿದ ಎಕೊಫಿಸ್ಕ್ ಕ್ಷೇತ್ರ ಇದಕ್ಕೆ ಮಹತ್ತಾದ ಉದಾಹರಣೆ. 1969ರಲ್ಲಿ ಕಂಡುಹಿಡಿಯಲ್ಪಟ್ಟ ಈ ಕ್ಷೇತ್ರದ ಶಿಲೆ ಸೀಮೆಸುಣ್ಣದ್ದು. ಕೆಲವೇ ಮೈಕ್ರಾನ್ ಅಗಲದ ಕಡಲಪಾಚಿಗಳ ಸುಣ್ಣದ ಬಿಲ್ಲೆಗಳು ಕೋಟಿ ಕೋಟಿಯಾಗಿ ಬಿದ್ದು ಆದದ್ದು. ಸುಮಾರು ಮೂರು ಕಿಲೋಮೀಟರ್ ಆಳದಲ್ಲಿಯೂ ಅದರ ಸರಂಧ್ರತೆ ಕೆಲವೆಡೆ ನೂರಕ್ಕೆ 40ನ್ನು ಮೀರಿದೆ, ಆದರೆ ರಂಧ್ರಗಳು ಅತಿಸೂಕ್ಷ್ಮವಾದುದರಿಂದ ಪಾರಗಮ್ಯತೆ ಕೆಲವು ಮಿಲಿಡಾರ್ಸಿ ಮಾತ್ರ. ಬಿರುಕುಗಳ ಜಾಲವಿಲ್ಲದಿದ್ದರೆ ಅಲ್ಲಿ ತೈಲೋದ್ಯಮವೇ ಇರುತ್ತಿರಲಿಲ್ಲ. ಅದರ ರಂಧ್ರಗಳು ತೆರೆದೇ ಉಳಿದದ್ದಕ್ಕೆ ಮುಖ್ಯವಾದ ಒಂದು ಕಾರಣ, ಒಳಗಿದ್ದ ದ್ರವವೇ ಅಧಿಕ ಒತ್ತಡದಿಂದ ಮೇಲಣ ಭಾರದ ಪಾಲನ್ನು ಹೊತ್ತಿದ್ದುದು. ಎಣ್ಣೆಯನ್ನು ತೆಗೆದು ಆ ಒತ್ತಡವನ್ನು ಇಳಿಸಿದಂತೆ ಮೃದುವಾದ ಸೀಮೆಸುಣ್ಣ ಕುಸಿಯತೊಡಗಿತು. 1984ರಲ್ಲಿ ಕಡಲತಳವೇ ತಗ್ಗುತ್ತಿರುವುದು ಗೊತ್ತಾಯಿತು. 1987ರಲ್ಲಿ ಉಕ್ಕಿನ ಅಟ್ಟಗಳನ್ನು, ಅವುಗಳ ಕಾಲುಗಳನ್ನು ಕತ್ತರಿಸಿ, ಜಾಕಿಗಳಿಂದ ಆರು ಮೀಟರ್ ಮೇಲೆತ್ತಿ ಮತ್ತೆ ಬೆಸೆಯಬೇಕಾಯಿತು. ಕಣ್ಣಿಗೆ ಕಾಣದ ರಂಧ್ರದ ಕುಗ್ಗುವಿಕೆ ಸಮುದ್ರದ ನೆಲವನ್ನೇ ಇಳಿಸಿದ ಈ ಘಟನೆಯನ್ನು ಓದಿದ ಮೇಲೆ ಸರಂಧ್ರತೆ ಎಂಬುದನ್ನು ಕೇವಲ ಪ್ರಯೋಗಶಾಲೆಯ ಅಂಕಿಯೆಂದು ಭಾವಿಸುವುದು ಸಾಧ್ಯವಿಲ್ಲ.

ಇನ್ನು ಅರೇಬಿಯಕ್ಕೆ ಬರೋಣ. ನೆರೆಯ ಬಹರೇನಿನಲ್ಲಿ 1932ರಲ್ಲಿ ಎಣ್ಣೆ ಸಿಕ್ಕಿದ ಭರವಸೆಯಿಂದ ದಮ್ಮಾಮಿನಲ್ಲಿ ಬಾವಿಗಳನ್ನು ಕೊರೆಯಲಾಯಿತು. ಬಹರೇನಿನಲ್ಲಿ ಎಣ್ಣೆಯಿದ್ದ ಪದರ ಇಲ್ಲಿ ಉತ್ಸಾಹಭಂಗವನ್ನೇ ಮಾಡಿತು. ಅಮೆರಿಕನ್ ಭೂವಿಜ್ಞಾನಿ ಮ್ಯಾಕ್ಸ್ ಸ್ಟೈನೆಕಿಯ ಒತ್ತಾಯದಿಂದ ಇನ್ನೂ ಆಳಕ್ಕೆ ಇಳಿಸಿದ ಏಳನೆಯ ಬಾವಿ, 1938ರ ಮಾರ್ಚ್ 4ರಂದು, ಸುಮಾರು 1,440 ಮೀಟರ್ ಆಳದ ಜುರಾಸಿಕ್ ಯುಗದ ಸುಣ್ಣಕಲ್ಲಿನಿಂದ ಒಂದೇ ದಿನದಲ್ಲಿ 1,500 ಬ್ಯಾರಲುಗಳನ್ನು ಮೀರಿ ಎಣ್ಣೆಯನ್ನು ಕೊಟ್ಟಿತು. ಹತ್ತು ವರ್ಷಗಳ ತರುವಾಯ, 1948ರಲ್ಲಿ, ಐನ್ ದಾರ್‌ನಲ್ಲಿ ಸಿಕ್ಕಿದ ಎಣ್ಣೆ, ದಕ್ಷಿಣದಲ್ಲಿ ಹರಧದವರೆಗೆ ಸುಮಾರು 280 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡಿರುವ ಒಂದೇ ಕ್ಷೇತ್ರವಾದ, ಆರಂಭದಲ್ಲಿ ಹೇಳಿದ ಘವಾರದ್ದೆಂಬುದು ಕ್ರಮೇಣ ವಿದಿತವಾಯಿತು.

ಘವಾರದ ಮುಖ್ಯ ತೈಲಾಶಯವಾದ ಅರಬ್–ಡಿ ಎಂಬ ಪದರ ಬಿದ್ದದ್ದು ಸುಮಾರು 15 ಕೋಟಿ ವರ್ಷಗಳ ಹಿಂದೆ, ಅರೇಬಿಯ ಸಮಭಾಜಕಕ್ಕೆ ಸಮೀಪದಲ್ಲಿದ್ದಾಗ, ವಿಶಾಲವಾದ ಆಳವಿಲ್ಲದ ಕಡಲಿನಲ್ಲಿ. ಪದರದ ಕೆಳಭಾಗದಲ್ಲಿ ನುಣ್ಣನೆಯ ಕೆಸರು. ಕಡಲು ತುಂಬಿ ಮೇಲಕ್ಕೆ ಬಂದಂತೆ ಕಣಗಳು ದಪ್ಪವಾಗುತ್ತ, ತುದಿಯಲ್ಲಿ ಅಲೆಗಳು ಕೆಸರನ್ನೆಲ್ಲ ತೊಳೆದುಹಾಕಿದ ಊಯಿಡ್ ಎಂಬ ದುಂಡುಕಣಗಳ ಮರಳು. ಊಯಿಡ್ ಎಂದರೆ, ಉಬ್ಬರವಿಳಿತದ ಸೆಳೆತದಲ್ಲಿ ಹಿಂದಕ್ಕೂ ಮುಂದಕ್ಕೂ ಉರುಳಾಡುವ ಕಿರುಚೂರಿನ ಸುತ್ತ ಸುಣ್ಣ ಪದರ ಪದರವಾಗಿ ಕಟ್ಟಿಕೊಂಡು ಆದ, ಎರಡು ಮಿಲಿಮೀಟರಿಗೂ ಚಿಕ್ಕದಾದ ಗುಂಡು. ಈ ಶಿಲೆಯಲ್ಲಿ ಕಣಗಳ ನಡುವಣ ಆದಿಮ ತೆರಪುಗಳು ಆಶ್ಚರ್ಯಕರವಾಗಿ ಉಳಿದುಬಂದಿವೆ. ಕೆಲವೆಡೆ ನೂರಕ್ಕೆ 30ರಷ್ಟು. ಕೆಳಗೆ ಜೈವಿಕದ್ರವ್ಯ ಸಮೃದ್ಧವಾದ ಹಳೆಯ ಸುಣ್ಣಕೆಸರಿನ ಪದರಗಳು ಎಣ್ಣೆಯನ್ನು ಬೇಯಿಸಿ ಕೊಟ್ಟವು; ಮೇಲೆ, ಕಡಲು ಬತ್ತಿದಾಗ ಹರಳುಗಟ್ಟಿದ ಆನ್‌ಹೈಡ್ರೈಟ್ ಎಂಬ ಲವಣಶಿಲೆ ತಪ್ಪಿಸಿಕೊಳ್ಳಲು ಎಡೆಯಿಲ್ಲದಂತೆ ಮುಚ್ಚಳವಾಯಿತು. ತಾಯಿಶಿಲೆ, ಆಶಯಶಿಲೆ, ಮುಚ್ಚಳಶಿಲೆ ಈ ಮೂರೂ ಇಷ್ಟು ಹತ್ತಿರದಲ್ಲಿ, ಇಷ್ಟು ವಿಸ್ತಾರವಾದ ಮೃದುವಾದ ಮಡಿಕೆಯಲ್ಲಿ ಕೂಡಿಬಂದದ್ದು ಅಪೂರ್ವ.

ಅರಬ್–ಡಿ ಹುಟ್ಟಿದ ಈ ಬಗೆ ಕೇವಲ ಊಹೆಯಲ್ಲವೆಂಬುದಕ್ಕೆ ಸಾಕ್ಷಿ ಅಲ್ಲಿಂದ ಬಹುದೂರವಲ್ಲದ ಅಬುಧಾಬಿಯ ತೀರದಲ್ಲಿಯೇ ದೊರೆಯುತ್ತದೆ. 1960ರ ದಶಕದ ಆರಂಭದಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಡಗ್ಲಾಸ್ ಶೀರ್ಮನ್ ಮೊದಲಾದವರು ಆ ತೀರದ ಸಬ್ಖಾ ಎಂಬ ಉಪ್ಪುಬಯಲುಗಳನ್ನು ಅಗೆದು ನೋಡಿದರು. ದ್ವೀಪಗಳ ನಡುವಣ ಕಾಲುವೆಗಳ ಬಾಯಲ್ಲಿ ಊಯಿಡ್‌ಗಳು ಆಗಲೂ ಉರುಳುತ್ತಿದ್ದವು. ಆ ಕಾಲುವೆಗಳ ಒಳಗಡೆ ಶಾಂತವಾದ ಹಿನ್ನೀರಿನಲ್ಲಿ ಸುಣ್ಣಕೆಸರು. ದಡದಲ್ಲಿ ಸೂಕ್ಷ್ಮಜೀವಿಗಳ ಕಪ್ಪುಚಾಪೆ. ಅದರಾಚೆ, ಸುಡುಬಿಸಿಲು ನೆಲದ ನೀರನ್ನು ಮೇಲಕ್ಕೆಳೆದು ಆವಿ ಮಾಡುವ ಬಯಲಿನಲ್ಲಿ, ಅಡಿಯ ಕೆಸರಿನೊಳಗೆ ಜಿಪ್ಸಮ್ಮೂ ಆನ್‌ಹೈಡ್ರೈಟೂ ಗಂಟುಗಂಟಾಗಿ ಬೆಳೆಯುತ್ತಿದ್ದವು, ಡಾಲೊಮೈಟಿನ ಸಣ್ಣ ಹರಳುಗಳು ಹುಟ್ಟುತ್ತಿದ್ದವು. ಪುರಾತನ ಶಿಲೆಯಲ್ಲಿ ಕೆಳಗಿನಿಂದ ಮೇಲಕ್ಕೆ ಓದಬೇಕಾದದ್ದನ್ನು ಅವರು ಅಲ್ಲಿ ಕಡಲಿನಿಂದ ನೆಲದ ಕಡೆಗೆ ನಡೆಯುತ್ತ ಓದಿದರು. ಭೂವಿಜ್ಞಾನಕ್ಕೆ ಇದಕ್ಕಿಂತ ದೊಡ್ಡ ಉಪಕಾರವಾಗುವುದು ಕಷ್ಟ.

ಅದೇ ಅಬುಧಾಬಿಯ ಎಣ್ಣೆಗೂ ನಮ್ಮ ಕರಾವಳಿಗೂ ಇರುವ ಒಂದು ನಂಟನ್ನು ಇಲ್ಲಿ ಪ್ರಾಸಂಗಿಕವಾಗಿ ಹೇಳಬಹುದು. ಮಂಗಳೂರಿನ ಬಳಿ ಬಂಡೆಯನ್ನು ಕೊರೆದು ಮಾಡಿರುವ, 15 ಲಕ್ಷ ಟನ್ ಹಿಡಿಸುವ ಆಪತ್ಕಾಲದ ತೈಲಸಂಗ್ರಹದ ಗುಹೆಗಳಿಗೆ 2018ರಲ್ಲಿ ಅಬುಧಾಬಿಯ ಕಚ್ಚಾತೈಲ ಬಂದು ಸೇರಿತು. ಅಲ್ಲಿ ಸುಣ್ಣಕಲ್ಲಿನ ರಂಧ್ರಗಳಲ್ಲಿದ್ದ ದ್ರವ ಇಲ್ಲಿ ರಂಧ್ರಗಳೇ ಇಲ್ಲವೆನ್ನಬಹುದಾದ ಸ್ಫಟಿಕಶಿಲೆಯ ನಡುವೆ ಕೂಡಿಡಲ್ಪಟ್ಟಿದೆ. ಅದರ ಸುತ್ತ ಬಿರುಕುಗಳಲ್ಲಿರುವ ಅಂತರ್ಜಲದ ಒತ್ತಡವೇ ಅದು ಸೋರದಂತೆ ಕಾಯುತ್ತದೆ.

ಘವಾರದಂತಹ ಸೌಮ್ಯವಾದ ಆಶಯದಲ್ಲಿಯೂ ಉಪದ್ರವಗಳಿವೆ. ಅರಬ್–ಡಿಯೊಳಗೆ ಕೆಲವೇ ಅಡಿ ದಪ್ಪದ, ವಿಪರೀತ ಪಾರಗಮ್ಯವಾದ ಪಟ್ಟಿಗಳು ಕೆಲವೆಡೆ ಇವೆ. ಅವುಗಳಲ್ಲಿ ಹಲವು ಡಾಲೊಮೈಟಿನವು. ಎಣ್ಣೆಯನ್ನು ಬಾವಿಯ ಕಡೆಗೆ ತಳ್ಳಲೆಂದು ಅಂಚಿನಲ್ಲಿ ತುಂಬಿದ ನೀರು ಉಳಿದ ಶಿಲೆಯನ್ನು ಬಿಟ್ಟು ಈ ಪಟ್ಟಿಗಳ ಗುಂಟ ಓಡಿ ಬಾವಿಯನ್ನು ಸೇರಿಬಿಡುತ್ತದೆ. ಇಂತಹ ಸುಲಭದ ದಾರಿ ವರವಾಗುವುದೂ ಉಂಟು. ಇರಾನಿನ ಮಸ್ಜಿದ್ ಸುಲೇಮಾನದಲ್ಲಿ 1908ರ ಮೇ 26ರಂದು ಮಧ್ಯಪ್ರಾಚ್ಯದ ಮೊದಲ ದೊಡ್ಡ ಬಾವಿ ಚಿಮ್ಮಿದ್ದು ಆಸ್ಮಾರಿ ಸುಣ್ಣಕಲ್ಲಿನ ಬಿರುಕುಗಳ ಕೃಪೆಯಿಂದ; ಝಾಗ್ರೋಸ್ ಪರ್ವತಗಳು ಮಡಿಸಿದ ಕಲ್ಲು ಸೀಳಿಹೋಗಿ, ಬಿಗಿಯಾದ ಶಿಲೆಗೆ ದಾರಿಗಳಾದವು. ಮೆಕ್ಸಿಕೋದ ಸೆರೊ ಅಸುಲ್ ನಾಲ್ಕನೆಯ ಬಾವಿಯಾದರೋ 1916ರಲ್ಲಿ ದಿನಕ್ಕೆ ಸುಮಾರು 2,60,000 ಬ್ಯಾರಲ್ ಎಣ್ಣೆಯನ್ನು ಆಕಾಶಕ್ಕೆ ಉಗುಳಿತು. ಮಳೆನೀರು ಎಂದೋ ಕೊರೆದ ಗುಹೆಗಳಿದ್ದ ಸುಣ್ಣದಿಬ್ಬ ಅದು. ಅಷ್ಟೇ ಶೀಘ್ರವಾಗಿ ಆ ಪ್ರಾಂತದ ಬಾವಿಗಳಿಗೆ ಉಪ್ಪುನೀರು ನುಗ್ಗಿತು.

ಇಂತಹ ವಿಚಿತ್ರಸ್ವಭಾವದ ಶಿಲೆಯನ್ನು ಅರಿಯುವುದು ಹೇಗೆ? ಬಾವಿಯಿಂದ ತೆಗೆದ ಕಲ್ಲಿನ ಕಂಬದಿಂದ ಒಂದು ಬಿಲ್ಲೆಯನ್ನು ಕತ್ತರಿಸಿ, ನೀಲಿ ಬಣ್ಣ ಬೆರೆಸಿದ ರಾಳವನ್ನು ಒತ್ತಡದಿಂದ ಅದರ ರಂಧ್ರಗಳಿಗೆ ತುಂಬಿ, ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಡಿಯಲ್ಲಿಟ್ಟರೆ, ಶೂನ್ಯವೆಲ್ಲ ನೀಲಿಯಾಗಿ ಕಾಣುತ್ತದೆ. ಯಾವ ರಂಧ್ರ ಯಾವುದಕ್ಕೆ ಕೂಡಿಕೊಂಡಿದೆ, ಯಾವುದು ಒಂಟಿ, ಎಲ್ಲಿ ಚಿಪ್ಪು ಕರಗಿತು, ಎಲ್ಲಿ ಹರಳು ಬೆಳೆದು ದಾರಿ ಕಟ್ಟಿತು ಎಂಬುದೆಲ್ಲ ಕಣ್ಣಿಗೆ ಕಟ್ಟುತ್ತದೆ. ಆದರೆ ಅಂಗೈಯಗಲದ ಕಲ್ಲಿನಲ್ಲಿ ಗುಹೆಯೂ ಉದ್ದನೆಯ ಬಿರುಕೂ ಸಿಕ್ಕಿಬೀಳುವುದಿಲ್ಲ. ಬಾವಿಯೊಳಗೆ ಇಳಿಬಿಟ್ಟ ಉಪಕರಣಗಳು ವಿದ್ಯುತ್ತಿನ ತಡೆಯನ್ನು ಅಳೆಯುತ್ತವೆ: ಉಪ್ಪುನೀರು ವಿದ್ಯುತ್ತನ್ನು ಹರಿಯಬಿಡುತ್ತದೆ, ಎಣ್ಣೆ ಬಿಡುವುದಿಲ್ಲ. ಈ ಭೇದದಿಂದ ರಂಧ್ರಗಳಲ್ಲಿ ಎಣ್ಣೆಯ ಪಾಲೆಷ್ಟೆಂದು ಕಂಡುಕೊಳ್ಳುವ ಸೂತ್ರವನ್ನು ಶೆಲ್ ಕಂಪನಿಯ ಗಸ್ ಆರ್ಚಿ 1942ರಲ್ಲಿ ಮರಳುಕಲ್ಲನ್ನು ಆಧಾರವಾಗಿಟ್ಟುಕೊಂಡು ಕೊಟ್ಟನು. ಅದರಲ್ಲಿ ರಂಧ್ರಗಳ ಜೋಡಣೆಯನ್ನು ಸೂಚಿಸುವ ಒಂದು ಘಾತಾಂಕ ಸಾಮಾನ್ಯವಾಗಿ 2ರ ಆಸುಪಾಸಿನಲ್ಲಿರುತ್ತದೆ. ಒಂಟಿರಂಧ್ರಗಳ ಸುಣ್ಣಕಲ್ಲಿನಲ್ಲಿ 3ನ್ನೂ ಮೀರುವುದುಂಟು. ಅಲ್ಲಿ 2 ಎಂದೇ ಹಿಡಿದು ಗುಣಿಸಿದವನಿಗೆ ನೀರು ತುಂಬಿದ ಕಲ್ಲು ಎಣ್ಣೆ ತುಂಬಿದ ಕಲ್ಲಾಗಿ ತೋರುತ್ತದೆ. ಸೂತ್ರ ಸುಳ್ಳಲ್ಲ, ರಂಧ್ರದ ಜನ್ಮವೃತ್ತಾಂತವನ್ನು ವಿಚಾರಿಸದೆ ಅದನ್ನು ಪ್ರಯೋಗಿಸಿದ್ದು ತಪ್ಪು.

ನಮ್ಮ ದೇಶದ ಮಟ್ಟಿಗೆ ಈ ವಿದ್ಯೆಯ ದೊಡ್ಡ ಪಾಠಶಾಲೆ ಮುಂಬಯಿಯಿಂದ ಸುಮಾರು 160 ಕಿಲೋಮೀಟರ್ ದೂರದ ಅರಬ್ಬೀ ಸಮುದ್ರದಲ್ಲಿದೆ. 1960ರ ದಶಕದಲ್ಲಿ ರಷ್ಯದ ಹಡಗೊಂದು ಕೃತಕ ಕಂಪನಗಳಿಂದ ಕಡಲತಳವನ್ನು ಶೋಧಿಸಿದಾಗ ಅಲ್ಲೊಂದು ವಿಶಾಲವಾದ ಉಬ್ಬು ಇರುವುದು ಕಂಡಿತು; ‘ಸಾಗರ್ ಸಮ್ರಾಟ್’ ಎಂಬ ಕೊರೆಯುವ ನೌಕೆ 1974ರ ಫೆಬ್ರವರಿಯಲ್ಲಿ ಎಣ್ಣೆಯನ್ನು ಕಂಡಿತು; 1976ರ ಮೇ ತಿಂಗಳಲ್ಲಿ ಉತ್ಪಾದನೆ ಆರಂಭವಾಯಿತು. ಮಯೊಸೀನ್ ಯುಗದಲ್ಲಿ ನರ್ಮದಾ ತಪತಿಗಳ ಕಡೆಯಿಂದ ಬರುತ್ತಿದ್ದ ಕೆಸರು ಬಹುಮಟ್ಟಿಗೆ ಉತ್ತರದ ತಗ್ಗಿನಲ್ಲಿ ನಿಂತುಬಿಟ್ಟದ್ದರಿಂದ ಈ ಉಬ್ಬಿನ ಮೇಲಣ ನೀರು ತಿಳಿಯಾಗಿ ಉಳಿದು, ಸುಣ್ಣಜೀವಿಗಳು ನೆಮ್ಮದಿಯಾಗಿ ಬಾಳಿ, ಎಲ್–3 ಎಂದು ಕರೆಯುವ ಸುಣ್ಣಕಲ್ಲಿನ ಸ್ತರ ಬೆಳೆಯಿತು. ಕಡಲು ಮತ್ತೆ ಮತ್ತೆ ಹಿಂಜರಿದಾಗಲೆಲ್ಲ ಮಳೆನೀರು ಒಳಹೊಕ್ಕು ಚಿಪ್ಪುಗಳನ್ನು ಕರಗಿಸಿತು. ಇಂದಿನ ಅದರ ಒಳ್ಳೆಯ ರಂಧ್ರಗಳು ಬಹುಪಾಲು ಆ ಮಳೆಗಾಲಗಳ ಕೊಡುಗೆ. ನಡುನಡುವೆ ತೆಳುವಾದ ಜೇಡಿಶಿಲೆಯ ಪಟ್ಟಿಗಳು ಬಂದು ಸ್ತರವನ್ನು ಹಲವು ಅಂತಸ್ತುಗಳಾಗಿ ಒಡೆದಿವೆ.

ಒಂದು ಅಂತಸ್ತಿನ ಗುಣ ಮತ್ತೊಂದಕ್ಕಿಲ್ಲ. ಒತ್ತಡವನ್ನು ಕಾಪಾಡಲೆಂದು ಒಳಕ್ಕೆ ಬಿಟ್ಟ ಸಮುದ್ರದ ನೀರು ಸಡಿಲವಾದ ಅಂತಸ್ತಿನಲ್ಲಿ ಧಾವಿಸಿ, ಬಿಗಿಯಾದ ಅಂತಸ್ತಿನ ಎಣ್ಣೆಯನ್ನು ಹಿಂದೆಯೇ ಬಿಟ್ಟುಬಿಡುತ್ತದೆ. ಮೇಲಾಗಿ, ಮರಳುಕಲ್ಲಿನ ಗೋಡೆಗಳಿಗೆ ಸಾಮಾನ್ಯವಾಗಿ ನೀರಿನ ಮೇಲೆ ಒಲವಿದ್ದರೆ ಕಾರ್ಬೊನೇಟಿನ ಗೋಡೆಗಳಿಗೆ ಅನೇಕ ವೇಳೆ ಎಣ್ಣೆಯ ಮೇಲೆಯೇ ಒಲವು; ಅದು ಗೋಡೆಗೆ ಅಂಟಿಕೊಂಡು ಕದಲಲೊಲ್ಲದು. ಬಿಗಿಯಾದ ಶಿಲೆಯನ್ನು ಸಡಿಲಿಸಲೆಂದು 1896ರಲ್ಲಿಯೇ ರಸಾಯನಶಾಸ್ತ್ರಜ್ಞ ಹರ್ಮನ್ ಫ್ರಾಷ್ ಅಮೆರಿಕದ ಸುಣ್ಣಕಲ್ಲಿನ ಬಾವಿಗಳಿಗಾಗಿ ಹೈಡ್ರೊಕ್ಲೋರಿಕ್ ಆಮ್ಲದ ಉಪಾಯಕ್ಕೆ ಪೇಟೆಂಟ್ ಪಡೆದಿದ್ದನು. ಆಮ್ಲ ಬಾವಿಯ ಸುತ್ತಣ ಶಿಲೆಯಲ್ಲಿ ಹುಳು ಕೊರೆದಂತಹ ದಾರಿಗಳನ್ನು ಮಾಡಿ ಹರಿವನ್ನು ಹೆಚ್ಚಿಸುತ್ತದೆ, ಆದರೆ ದೂರದ ಬಿಗಿಶಿಲೆಯನ್ನು ಮುಟ್ಟಲಾರದು. ಆದ್ದರಿಂದಲೇ 2000ದ ಸುಮಾರಿನಿಂದ ಮುಂಬಯಿ ಕ್ಷೇತ್ರದ ಪುನರಭಿವೃದ್ಧಿಯನ್ನು ಕೈಕೊಂಡವರು, ಇಡೀ ಕ್ಷೇತ್ರವನ್ನು ಒಂದೇ ಪಾತ್ರೆಯೆಂದೆಣಿಸುವುದನ್ನು ಬಿಟ್ಟು, ಹಳೆಯ ಬಾವಿಗಳ ಪಕ್ಕದಿಂದ ಕವಲುಗಳನ್ನು ಹೊರಡಿಸಿ, ಅಡ್ಡಲಾಗಿ ಪದರದ ಗುಂಟ ಕೊರೆದು, ನೀರು ತಲಪದೆ ಉಳಿದ ಅಂತಸ್ತುಗಳನ್ನು ಒಂದೊಂದಾಗಿ ಹುಡುಕುತ್ತ ಬಂದಿದ್ದಾರೆ.